ನಮ್ಮ ಹಿರಿಯ ತಾಯಂದಿರ ದಿನಚರಿ
(ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಮನೆತನಗಳ ವಂಶಾವಳಿಗಳಲ್ಲಿ ಅಜ್ಜ ಮುತ್ತಜ್ಜಂದಿರ ನಾಮಗಳು ಸಾಲಾಗಿ ದೊರೆಯುತ್ತವೆ; ಆ ಮನೆಗಳನ್ನು ನಡೆಯಿಸಿದ ತಾಯಂದಿರ ನಾಮಗಳು ದೊರೆಯುವುದು ವಿರಳವು. ಆದಕಾರಣ ಅವರ ದಿನಚರಿಯನ್ನು ಈ ಶುಭಸಮಯದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ಬಯಲುಸೀಮೆಯ ಒಕ್ಕಲುತನದ ಮನೆಯಲ್ಲಿ ಗೃಹಿಣಿಯ ದಿನವು ಕೋಳಿ ಕೂಗುವ ಮೊದಲೇ ಬೀಸುವ ಕಲ್ಲಿನ ಮುಂದೆ ಆರಂಭವಾಗುತ್ತಿದ್ದಿತು. ಜೋಳದ ಹಿಟ್ಟು ಬಹುದಿನ ನಿಲ್ಲತಕ್ಕದ್ದಲ್ಲವಾದುದರಿಂದ ಬೀಸುವುದು ನಿತ್ಯದ ಕಾರ್ಯವು. ಅತ್ತೆ ಸೊಸೆಯರು ಎದುರುಬದುರಾಗಿ ಕುಳಿತು, ಗೂಟ ಹಿಡಿದು ತಿರುವುತ್ತ ಹಾಡುತ್ತಿದ್ದರು. ಬಳಿಕ ಅಂಗಳದ ಸಾರಣೆ, ಬಾವಿಯ ನೀರು, ಸ್ನಾನ, ವಿಭೂತಿಧಾರಣ, ಇಷ್ಟಲಿಂಗಪೂಜೆ. ಅನಂತರ ಮಜ್ಜಿಗೆ ಕಡೆದು, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿಯನ್ನೊಯ್ಯುವುದು. ಮಧ್ಯಾಹ್ನದಲ್ಲಿ ಕಾಳು ಹಸನು ಮಾಡುವುದು, ನೂಲುವುದು, ಕೌದಿ ಹೊಲಿಯುವುದು. ಹೊತ್ತುಗೊತ್ತಿಲ್ಲದೆ ಬಂದ ಜಂಗಮರಿಗೂ ಅತಿಥಿಗಳಿಗೂ ಬಡಿಸಿ, ತಾವು ಎಲ್ಲರ ತರುವಾಯ ಉಣ್ಣುತ್ತಿದ್ದರು.

ಇದು ಕೇವಲ ದುಡಿತವಲ್ಲ, ಕಾಯಕವು. 12ನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಯು ನೂಲುತ್ತಿದ್ದಳು. ಆಯ್ದಕ್ಕಿ ಲಕ್ಕಮ್ಮನು ಪತಿಯು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಹೇಳಿದಳು. ಇವರು ದುಡಿದರು, ವಿಚಾರಿಸಿದರು, ವಚನಗಳನ್ನೂ ರಚಿಸಿದರು.

ಆದರೆ ನಮ್ಮ ಮುತ್ತಜ್ಜಿಯರಿಗೆ ದುಡಿತವು ಉಳಿಯಿತು, ಅಕ್ಷರವು ದೊರೆಯಲಿಲ್ಲ. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಪ್ರಕಟಿಸಿದಾಗ, ಶರಣೆಯರ ವಚನಗಳನ್ನು ಓದಬಲ್ಲ ಗೃಹಿಣಿಯರು ಎಷ್ಟು ಮಂದಿ ಇದ್ದಾರು? ಅವರ ಸುಖದುಃಖಗಳಿಗೆ ಬೀಸುವ ಹಾಡೇ ಗ್ರಂಥವಾಯಿತು. ಹಲಸಂಗಿಯ ಗೆಳೆಯರು ಅಂತಹ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ "ಗರತಿಯ ಹಾಡು" ಎಂದು ಪ್ರಕಟಿಸಿದುದು ಮಹದುಪಕಾರವು. ಇಂದು ಹಿಟ್ಟಿನ ಗಿರಣಿಯು ಬಂದು ತೋಳಿನ ನೋವು ತಪ್ಪಿದೆ, ಸಂತೋಷವು. ಆದರೆ ಕಲ್ಲಿನೊಡನೆ ಹಾಡೂ ಮೌನವಾಗುತ್ತಲಿದೆ.

ತಾಯಂದಿರ ಸಹನೆಯನ್ನು ಹೊಗಳುವುದು ಸುಲಭವು. ಅವರ ಭಾರವನ್ನು ಹಂಚಿಕೊಳ್ಳುವುದು ಕಠಿಣವು. ಎಲ್ಲರ ತರುವಾಯ ಉಣ್ಣುವುದನ್ನು ಹೆಣ್ಣುಮಕ್ಕಳಿಗೆ ಧರ್ಮವೆಂದು ಬೋಧಿಸದೆ, ಜೊತೆಯಲ್ಲಿ ಕುಳ್ಳಿರಿಸಿ ಬಡಿಸೋಣ. ಮಠದ ದಾಸೋಹಕ್ಕೆ ಚೀಲ ಕಳುಹಿಸಿದ ಯಜಮಾನರ ಹೆಸರನ್ನು ಬರೆಯುವಂತೆ, ಆ ಧಾನ್ಯವನ್ನು ಹಸನು ಮಾಡಿದ ತಾಯಿಯ ಹೆಸರನ್ನೂ ಬರೆಯೋಣ. ಮನೆಯಲ್ಲಿ ವೃದ್ಧೆಯರಿರುವವರು ಇಂದೇ ಅವರ ಬಳಿ ಕುಳಿತು, ಅವರ ತಾಯಿ ಅಜ್ಜಿಯರ ಹೆಸರುಗಳನ್ನೂ ಹಾಡುಗಳನ್ನೂ ಕೇಳಿ ಬರೆದಿಡಬೇಕೆಂದು ಬೇಡಿ ವಿರಮಿಸುತ್ತೇನೆ.