ಸೋಲಾರ್ ಬಿಸಿನೀರು: ಸ್ವಿಚ್ಚಿನ ಮೇಲೆ ಹಿಡಿತವಿರಲಿ



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮನೆಗೆ ಉಪಯೋಗವಾಗುವ ಎರಡು ಮಾತು ಆಡಬಯಸುತ್ತೇವೆ. ಹಂಡೆ ಒಲೆಯ ಜಾಗಕ್ಕೆ ನಮ್ಮ ಹಲವು ಮನೆಗಳಲ್ಲಿ ಸೋಲಾರ್ ಬಂದಿದೆ. ಈಗ ಅದಕ್ಕೆ ಡಿಜಿಟಲ್ ಕಂಟ್ರೋಲರ್ ಹಾಕಿಸಿ ಎನ್ನುವವರೂ ಬರುತ್ತಿದ್ದಾರೆ. ಅದು ನಮಗೆ ಬೇಕೆ? ಬೇಕಾದರೆ ಎಷ್ಟು ಬೇಕು?

ನಮ್ಮ ಮನೆಗಳ ಸೋಲಾರಿಗೆ ಸಾಮಾನ್ಯವಾಗಿ ಪಂಪು ಇರುವುದಿಲ್ಲ. ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಇದಕ್ಕೆ ಯಾವ ಯಂತ್ರದ ಅಪ್ಪಣೆಯೂ ಬೇಡ. ಹಾಸ್ಟೆಲಿನಂಥ ಕಡೆ ಪಂಪು ಇರುವ ದೊಡ್ಡ ವ್ಯವಸ್ಥೆಯಾದರೆ ಮಾತು ಬೇರೆ. ಅಲ್ಲಿ ಫಲಕದ ಬಿಸಿ, ಟ್ಯಾಂಕಿನ ಬಿಸಿ ಎರಡನ್ನೂ ಹೋಲಿಸಿ, ಫಲಕ ಕೆಲವು ಡಿಗ್ರಿ ಹೆಚ್ಚು ಕಾದಾಗ ಮಾತ್ರ ಪಂಪು ಓಡಿಸುವ ಕಂಟ್ರೋಲರ್ ಬೇಕೇ ಬೇಕು. ಇಲ್ಲದಿದ್ದರೆ ರಾತ್ರಿಯೂ ಪಂಪು ಓಡಿ, ಹಗಲು ಕೂಡಿಟ್ಟ ಬಿಸಿ ಗಾಳಿಪಾಲಾದೀತು.

ಹಾಗಾದರೆ ನಮ್ಮ ದುಡ್ಡು ಸೋರುವುದೆಲ್ಲಿ? ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಇಟ್ಟ ಕರೆಂಟ್ ಕಾಯಿಲಿನಲ್ಲಿ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಬೇಕು. 2 ಕಿಲೋವ್ಯಾಟ್ ಕಾಯಿಲ್ ಎರಡೇ ಗಂಟೆಯಲ್ಲಿ ಅಷ್ಟನ್ನು ನುಂಗುತ್ತದೆ. ಮಳೆಗಾಲದಲ್ಲಿ ಹಾಕಿದ ಸ್ವಿಚ್ಚು ಆರಿಸೋದು ಮರೆತರೆ, ಮಳೆ ಹೋದ ಮೇಲೂ ರಾತ್ರಿ ನೀರು ಕಾಯಿಸುವುದು ಕರೆಂಟೇ. ಬೆಳಿಗ್ಗೆ ಸೂರ್ಯ ಬರುವಷ್ಟರಲ್ಲಿ ಟ್ಯಾಂಕು ಬಿಸಿಯಾಗಿರುತ್ತದೆ, ಅವನಿಗೆ ಕೆಲಸವೇ ಇಲ್ಲ! ಬಿಲ್ಲು ಕಂಡ ನಾವು ಸೋಲಾರನ್ನು ಬೈಯುತ್ತೇವೆ.

ಇದಕ್ಕೆ ಮದ್ದು ಒಂದು ಥರ್ಮೋಸ್ಟಾಟ್, ಒಂದು ಟೈಮರ್. ನೀರು ಗೊತ್ತುಮಾಡಿದಷ್ಟು ಕಾದ ಕೂಡಲೇ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ. ಸ್ನಾನಕ್ಕೆ 40 ಡಿಗ್ರಿ ಆಸುಪಾಸು ಸಾಕಲ್ಲವೆ? ಟೈಮರನ್ನು ಸ್ನಾನಕ್ಕೆ ಗಂಟೆ ಮುಂಚೆ ಇಟ್ಟುಕೊಂಡರೆ ರಾತ್ರಿಯ ಖರ್ಚು ನಿಲ್ಲುತ್ತದೆ. ಕರೆಂಟ್ ಹೋಗಿಬರುವ ನಮ್ಮ ಊರುಗಳಲ್ಲಿ ಗಂಟೆ ತಪ್ಪದಂತೆ ಒಳಗೆ ಬ್ಯಾಟರಿ ಇರುವ ಟೈಮರೇ ವಾಸಿ. ಟ್ಯಾಂಕಿನ ಬಿಸಿಯನ್ನು ಬಚ್ಚಲುಮನೆಯಲ್ಲೇ ತೋರಿಸುವ ಮೀಟರಿದ್ದರೆ ಇನ್ನೂ ಒಳ್ಳೆಯದು, ಸ್ವಿಚ್ಚು ಹಾಕಬೇಕೋ ಬೇಡವೋ ನೋಡಿ ತಿಳಿಯಬಹುದು.

ಅದಕ್ಕೂ ಮೇಲಿನ ದುಬಾರಿ ಸಾಮಾನಿಗೆ ಸಾಲ ಮಾಡುವ ಮೊದಲು ಫಲಕದ ಧೂಳು ತೊಳೆಯೋಣ, ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ್ದರೆ ತೆಗೆಸೋಣ, ಬಿಸಿನೀರಿನ ಪೈಪಿನ ಹೊದಿಕೆ ಹರಿದಿದ್ದರೆ ಸರಿಮಾಡಿಸೋಣ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಸಂಘ ನಮಗೆ ಕಲಿಸಿದೆ. ಬಿಸಿಲು ಪುಕ್ಕಟೆ, ಮರೆವು ಪುಕ್ಕಟೆಯಲ್ಲ ಎಂದು ಹೇಳಿ ನಮ್ಮ ಮಾತು ಮುಗಿಸುತ್ತೇವೆ.