ಚಾಕಿ ಮನೆಯ ಹೀಟರ್ ಕೆಟ್ಟರೆ ಗಂಟೆ ಬಾರಿಸಲಿ



ಚಾಕಿ ಹುಳುಗಳಿಗೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಡಿಸೆಂಬರ್, ಜನವರಿ ತಿಂಗಳ ರಾತ್ರಿಗಳಲ್ಲಿ ಹೊರಗಿನ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆಗ ಹೀಟರ್ ಕೈಕೊಟ್ಟರೆ ಹುಳುಗಳು ಸೊಪ್ಪು ಕಡಿಮೆ ತಿನ್ನುತ್ತವೆ, ಒಟ್ಟಿಗೆ ಜ್ವರಕ್ಕೆ ಕೂರುವುದಿಲ್ಲ. ಚಾಕಿ ಕೇಂದ್ರದಲ್ಲಿ ಹೀಗಾದರೆ ಅಲ್ಲಿಂದ ಹುಳು ಒಯ್ದವರೆಲ್ಲರ ಬೆಳೆಯೂ ಏರುಪೇರಾಗುತ್ತದೆ.

ಉಷ್ಣತೆ 25 ಡಿಗ್ರಿಗೆ ಇಳಿದಾಗ ಗಂಟೆ ಬಾರಿಸುವ ಕಂಟ್ರೋಲರ್‌ಗಳು ಸಾಮಾನ್ಯವಾಗಿವೆ. ಇದು ಅವಶ್ಯ, ಆದರೆ ಸಾಲದು. ಮೂರು ಹೀಟರ್‌ಗಳಲ್ಲಿ ಒಂದು ಸುಟ್ಟುಹೋದರೂ ಉಳಿದೆರಡು ಹೆಚ್ಚು ಹೊತ್ತು ಕೆಲಸ ಮಾಡಿ ಕೋಣೆಯನ್ನು ಬೆಚ್ಚಗಿಡುತ್ತವೆ. ದೋಷ ಬಯಲಾಗುವುದು ಚಳಿ ಹೆಚ್ಚಿದ ರಾತ್ರಿಯಲ್ಲೇ.

ಕಾರ್ಖಾನೆಗಳಿಗಾಗಿ ತಯಾರಾದ ಕೆಲವು ಕಂಟ್ರೋಲರ್‌ಗಳು ಉಷ್ಣತೆಯ ಜೊತೆಗೆ ಹೀಟರ್‌ಗೆ ಹರಿಯುವ ಕರೆಂಟನ್ನೂ ಅಳೆಯುತ್ತವೆ. ಹೀಟರ್ ತಂತಿಯನ್ನು ಸಣ್ಣ ಕರೆಂಟ್ ಟ್ರಾನ್ಸ್‌ಫಾರ್ಮರಿನ ಬಳೆಯೊಳಗೆ ಹಾಯಿಸಿರುತ್ತಾರೆ. ಹೀಟರ್ ಹಾಕಿರುವಾಗ ಕರೆಂಟು ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಿಮೆಯಾದರೆ ಕೂಡಲೇ ಗಂಟೆ ಬಾರಿಸುತ್ತದೆ. ಬಳೆಯೊಳಗೆ ಒಂದೇ ತಂತಿ ಹಾಯಬೇಕು. ಹೋಗುವ, ಬರುವ ಎರಡೂ ತಂತಿ ಹಾಯಿಸಿದರೆ ಅಳತೆ ಸೊನ್ನೆಯಾಗುತ್ತದೆ.

ಮಟ್ಟ ಗೊತ್ತುಪಡಿಸುವುದು ಹೇಗೆ? 1000 ವ್ಯಾಟಿನ ಮೂರು ಹೀಟರ್‌ಗಳು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತವೆ. ಒಂದು ಕೆಟ್ಟರೆ 8.7 ಆಂಪಿಯರ್. ಎರಡರ ನಡುವೆ 11 ಎಂದಿಟ್ಟರೆ, ಹಳ್ಳಿಯಲ್ಲಿ ವೋಲ್ಟೇಜ್ 190ಕ್ಕೆ ಬಿದ್ದಾಗ ಮೂರೂ ಸರಿಯಿದ್ದರೂ 10.8 ಆಂಪಿಯರ್ ಮಾತ್ರ ಹರಿದು ಸುಳ್ಳು ಗಂಟೆ ಬಾರಿಸುತ್ತದೆ. ಸುಳ್ಳು ಗಂಟೆ ಕೇಳಿ ಬೇಸತ್ತವರು ಅದನ್ನು ಕಿತ್ತೇ ಹಾಕುತ್ತಾರೆ. ಆದ್ದರಿಂದ ಇಲ್ಲಿ 10 ಆಂಪಿಯರ್ ಇಡುವುದು ಮೇಲು. ವೋಲ್ಟೇಜ್ 250ಕ್ಕೆ ಏರಿದರೂ ಎರಡು ಹೀಟರ್ 9.5 ಆಂಪಿಯರ್ ದಾಟುವುದಿಲ್ಲ. ದೋಷ ತಪ್ಪದೆ ತಿಳಿಯುತ್ತದೆ.

ಇನ್ನೊಂದು ಅಪಾಯವಿದೆ. ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡರೆ ಕಂಟ್ರೋಲರ್ ನಿಲ್ಲಿಸೆಂದರೂ ಹೀಟರ್ ಕಾಯುತ್ತಲೇ ಇರುತ್ತದೆ. ಇದಕ್ಕೆ ಪ್ರತ್ಯೇಕ ಥರ್ಮೋಸ್ಟಾಟ್ ಇಟ್ಟು, ಬಿಸಿ ಮಿತಿಮೀರಿದಾಗ ಬೇರೊಂದು ಕಾಂಟ್ಯಾಕ್ಟರ್ ಮೂಲಕ ಕರೆಂಟು ಕಡಿಯುವಂತೆ ಮಾಡಿಸಬೇಕು.

ಜೋಡಣೆಯನ್ನು ಅನುಭವಿ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿರಿ. ಆಗ ಈ ಅಂಶಗಳನ್ನು ಗಮನಿಸಿರಿ:

1. ಗಂಟೆಗೆ ಬೇರೆ ಬ್ಯಾಟರಿ ಇರಲಿ. ಕರೆಂಟು ಹೋದಾಗಲೂ ಅದು ಬಾರಿಸುವಂತಿರಬೇಕು.

2. ಪ್ರತಿ ಹೀಟರ್‌ಗೂ ಬೇರೆ ಸ್ವಿಚ್ಚು ಇರಲಿ. ಹೊಸ ಮೊಟ್ಟೆ ತರುವ ಮೊದಲು, ಹೀಟರ್‌ಗಳು ಕಾಯುತ್ತಿರುವಾಗ ಒಂದರ ಸ್ವಿಚ್ಚು ಆರಿಸಿ ಗಂಟೆ ಬಾರಿಸುವುದೇ ಎಂದು ಪರೀಕ್ಷಿಸಿರಿ.

3. ಗಂಟೆ ಮಲಗುವ ಜಾಗಕ್ಕೆ ಕೇಳಿಸಲಿ. ಬದಲಿ ಹೀಟರ್ ಒಂದು ಸಿದ್ಧವಿರಲಿ.

ಗಂಟೆ ದೋಷವನ್ನು ತಿಳಿಸುತ್ತದೆ, ಸರಿಪಡಿಸುವುದಿಲ್ಲ. ರಾತ್ರಿ ಎದ್ದು ಬರುವವರು ಯಾರೆಂಬುದನ್ನು ಹುಳು ಚಾಕಿಗೆ ಬರುವ ಮೊದಲೇ ಗೊತ್ತು ಮಾಡಿಕೊಳ್ಳಿರಿ.