ಹಾಸಿಗೆಯ ಪಕ್ಕ ಕೂತವರಿಗಾಗಿ



ಮುಂಬಯಿಯ ನಮ್ಮ ಕನ್ನಡ ಸಂಘದ ಈ ವಾರ್ಷಿಕೋತ್ಸವದಲ್ಲಿ ಹೊಸದೊಂದು ದತ್ತಿನಿಧಿ ಶುರುವಾಗುತ್ತಿದೆ. ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮಗಳ ನೆನಪಿಗೆ ನಮ್ಮ ಸಂಘದ ದಂಪತಿ ಇಟ್ಟದ್ದು. ಹೆಸರು ಹೇಳಬೇಡಿ ಎಂದಿದ್ದಾರೆ, ಹೇಳುವುದಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಬಹುಮಾನ ಇಡೋಣವೇ ಎಂದು ಸಮಿತಿ ಕೇಳಿತು. ಆ ತಾಯಿ ಒಪ್ಪಲಿಲ್ಲ. "ಬಹುಮಾನ ಕೊಡೋರು ಬೇಕಾದಷ್ಟು ಜನ ಇದ್ದಾರೆ. ಆಸ್ಪತ್ರೇಲಿ ಮಗು ಹತ್ರ ಕೂತಿರೋ ಅಮ್ಮ ಸ್ನಾನ ಮಾಡಿ, ಎರಡು ತುತ್ತು ಉಂಡು ಬರೋವರೆಗೆ ಅಲ್ಲಿ ಕೂರೋರು ಬೇಕು" ಎಂದರು.

ಪರೇಲಿನ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯ ಹಿಂದೆಯೂ ಇಂಥದೇ ಒಂದು ಅಗಲಿಕೆಯಿದೆ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯನ್ನು ನಡೆಸಿದ ಭಾಭಾ ಎಂಬವರ ಮಗಳು ಮೆಹರ್‌ಬಾಯಿ, ದೊರಾಬ್‌ಜಿ ಟಾಟಾ ಅವರ ಪತ್ನಿ. ಅವರು 1931ರಲ್ಲಿ ಲ್ಯುಕೇಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರಿನಿಂದಲೇ, ತೀರಿಕೊಂಡರು. ಹತ್ತು ವರ್ಷದ ಬಳಿಕ, 1941ರಲ್ಲಿ, ಆಸ್ಪತ್ರೆ ಬಾಗಿಲು ತೆರೆಯಿತು.

ಇಂದು ಅಲ್ಲಿಗೆ ರಾಯಚೂರು, ಕಲಬುರಗಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದು ದಾದರಿನಲ್ಲಿ ಇಳಿಯುವವರಿದ್ದಾರೆ. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಹೆಚ್ಚಾಗಿ ಎರಡು ಮೂರು ವರ್ಷ ನಡೆಯುತ್ತದೆ. ಅಪ್ಪನ ಕೂಲಿ ನಿಲ್ಲುತ್ತದೆ, ಇನ್ನೊಂದು ಮಗು ಊರಲ್ಲಿ ಅಜ್ಜಿಯ ಹತ್ತಿರ ಉಳಿಯುತ್ತದೆ. ತಲೆಯ ಮೇಲೊಂದು ಸೂರಿಗಾಗಿ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಿದೆ. 2006ರಿಂದ ಸೇಂಟ್ ಜೂಡ್ ಕೇಂದ್ರಗಳು ಇಂಥ ಕುಟುಂಬಗಳಿಗೆ ಉಚಿತವಾಗಿ ಕೋಣೆ ಕೊಡುತ್ತಿವೆ. ಆದರೂ ಎಲ್ಲರಿಗೂ ಜಾಗ ಸಾಲದು.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಈ ಪ್ರಮಾಣ ತೀರಾ ಕಡಿಮೆ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳುವುದು ಅದಕ್ಕೊಂದು ಕಾರಣ. ಹೆತ್ತವರು ಸೋತರೆ ಔಷಧಿಯೂ ಸೋಲುತ್ತದೆ. ಆದ್ದರಿಂದ ಅವರಿಗೆ ಆಸರೆಯಾಗುವುದೂ ಚಿಕಿತ್ಸೆಯ ಒಂದು ಭಾಗವೇ.

ನಾವು ಮಾಡಬಹುದಾದದ್ದು ಬಹಳವಿದೆ. ಹಿಂದಿ, ಮರಾಠಿ ಬಾರದ ತಾಯಿಯ ಜೊತೆ ಒಪಿಡಿಗೆ ಹೋಗಿ ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಬಹುದು. ಕೀಮೋ ಪಡೆಯುವ ಮಗುವಿಗೆ ಸೋಂಕು ಬೇಗ ತಗಲುತ್ತದೆ. ಅದಕ್ಕೇ ಮನೆಯಲ್ಲಿ ಆಗಷ್ಟೇ ಮಾಡಿದ ಬಿಸಿ ಊಟ ಒಯ್ಯಬಹುದು. ದಾನವಾಗಿ ಬಂದ ರಕ್ತದ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ಹಾಗಾಗಿ ವರ್ಷಕ್ಕೊಂದು ರಕ್ತದಾನ ಶಿಬಿರ ಸಾಲದು, ಕರೆದಾಗ ಬರುವ ಯುವಕ ಯುವತಿಯರು ಬೇಕು.

ಕೆಲವನ್ನು ಮಾಡದಿರುವುದೂ ಸೇವೆಯೇ. ನೆಗಡಿಯಿದ್ದರೆ ಹೋಗಬೇಡಿ. ಗುಂಪಾಗಿ ಹೋಗಿ ಫೋಟೋ ತೆಗೆಸಿಕೊಳ್ಳಬೇಡಿ. ಯಾರದೋ ಕಷಾಯದಿಂದ ಯಾರಿಗೋ ವಾಸಿಯಾಯಿತೆಂದು ಹೇಳಬೇಡಿ. ಮಗುವನ್ನು ಕಳೆದುಕೊಂಡವರ ಮುಂದೆ 'ಎಲ್ಲ ದೈವೇಚ್ಛೆ' ಎನ್ನಬೇಡಿ. ಆ ಮಗುವಿನ ಬಗ್ಗೆ ಅವರು ಮಾತಾಡಿದರೆ ಕೇಳಿಸಿಕೊಳ್ಳಿ.

ಸಭಾಂಗಣದ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ. ಹೆಸರು, ಫೋನ್ ನಂಬರ್, ನಿಮಗೆ ಬಿಡುವಿರುವ ದಿನ ಬರೆಯಿರಿ. ಹಣ ಆಮೇಲೆ ಕೊಡಿ. ಮೊದಲು ವಾರಕ್ಕೊಂದು ಮಧ್ಯಾಹ್ನ ಕೊಡಿ.